ದೇವದಾರಿ ಗುಡ್ಡವೂ ನಮ್ಮ ಮೌನವೂ

ಸಂಡೂರಿನ ದೇವದಾರಿ ಗುಡ್ಡವನ್ನು ಅಗೆಯಬೇಕೋ ಬಾರದೋ ಎಂಬ ಪ್ರಶ್ನೆಯು ಬಳ್ಳಾರಿ ಜಿಲ್ಲೆಯವರಿಗೆ ಮಾತ್ರ ಸೇರಿದ್ದೆಂದೂ, ಘಟಪ್ರಭೆಯ ದಂಡೆಯವರಾದ ನಾವು ಅದರಲ್ಲಿ ಬಾಯಿ ಹಾಕುವದು ಅನುಚಿತವೆಂದೂ ನಮ್ಮಲ್ಲಿ ಕೆಲವರು ವಿದ್ಯಾವಂತರು ಹೇಳುತ್ತಿರುವರು. ಈ ಮಾತು ಮೇಲುನೋಟಕ್ಕೆ ವಿನಯದಂತೆ ಕಂಡರೂ ವಿಚಾರಿಸಿ ನೋಡಿದರೆ ಔದಾಸೀನ್ಯಕ್ಕೆ ಹೊದಿಸಿದ ಶಾಲೇ ಆಗಿರುವದು. ಕನ್ನಡ ನಾಡು ಒಂದೇ ಎಂದು ವೇದಿಕೆಯ ಮೇಲೆ ಸಾರುವವರು, ಅದರ ಒಂದು ಅಂಗಕ್ಕೆ ಗಾಯವಾಗುವಾಗ ಮತ್ತೊಂದು ಅಂಗವು ನಿದ್ರಿಸಬಹುದೆಂದು ಯಾವ ನ್ಯಾಯದಿಂದ ಹೇಳುವರು? ಆದುದರಿಂದ ಈ ವಿಷಯವನ್ನು ನಮ್ಮ ಸಂಘದ ವಾಚಕರ ಮುಂದೆ ಇಡುವದು ಅವಶ್ಯವೆಂದು ಭಾವಿಸಿರುವೆನು.

ಪ್ರಕೃತ ಸಂಗತಿಯು ಇಂತಿರುವದು. ಸಂಡೂರು ತಾಲೂಕಿನ ಸ್ವಾಮಿಮಲೈ ಅರಣ್ಯದಲ್ಲಿ ದೇವದಾರಿ ಎಂಬ ಬೆಟ್ಟಸಾಲು ಇದೆ. ಅಲ್ಲಿ ಸುಮಾರು ೪೦೦ ಹೆಕ್ಟೇರು ಅಡವಿಯಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸಿನ ಅದಿರನ್ನು ತೆಗೆಯುವದಕ್ಕೆ ಕುದುರೆಮುಖ ಕಬ್ಬಿಣ ಅದಿರು ಕಂಪನಿಯು ಯೋಜಿಸಿತು. ಈ ಯೋಜನೆಗೆ ಬಲಿಯಾಗತಕ್ಕ ಮರಗಳು ೯೯,೦೦೦ಕ್ಕೂ ಮಿಕ್ಕಿವೆ. ೨೦೨೩ರಲ್ಲಿ ಗುತ್ತಿಗೆಯ ಕರಾರಾಯಿತು. ೨೦೨೪ರ ಜೂನ್ ತಿಂಗಳಲ್ಲಿ ಕೇಂದ್ರದ ನೂತನ ಉಕ್ಕು ಸಚಿವರು ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಈ ಯೋಜನೆಯ ಕಡತಕ್ಕೆ ಸಹಿ ಮಾಡಿದರು. ಅದೇ ತಿಂಗಳಲ್ಲಿ ರಾಜ್ಯದ ಅರಣ್ಯ ಸಚಿವರು, ಕುದುರೆಮುಖದಲ್ಲಿ ಕಂಪನಿಯು ಸಲ್ಲಿಸಬೇಕಾದುದನ್ನು ಸಲ್ಲಿಸುವ ತನಕ ದೇವದಾರಿಯ ಭೂಮಿಯನ್ನು ಹಸ್ತಾಂತರಿಸಕೂಡದೆಂದು ತಮ್ಮ ಇಲಾಖೆಗೆ ಆಜ್ಞಾಪಿಸಿದರು. ಇಬ್ಬರು ಸಚಿವರ ಪಕ್ಷಗಳು ಬೇರೆ ಬೇರೆ. ಆದುದರಿಂದ ಜನರು ಇದನ್ನು ರಾಜಕೀಯದ ಹಗ್ಗಜಗ್ಗಾಟವೆಂದು ತಿಳಿದು ಕೈಬಿಟ್ಟರು. ಆದರೆ ಗುಡ್ಡಕ್ಕೆ ಪಕ್ಷವಿಲ್ಲ. ಯಾವ ಪಕ್ಷದವರ ಸಹಿಯಿಂದ ಕಡಿದರೂ ಕಡಿದ ಮರವು ಬೀಳತಕ್ಕದ್ದೇ.

ಕಂಪನಿಯು ಸರಕಾರದ್ದು, ಖಾಸಗಿ ಧಣಿಗಳದ್ದಲ್ಲ, ಆದುದರಿಂದ ಅದನ್ನು ನಂಬಬಹುದೆಂದು ಒಂದು ವಾದವಿದೆ. ಇದಕ್ಕೆ ಕುದುರೆಮುಖವೇ ಉತ್ತರವು. ೧೯೭೬ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಪಶ್ಚಿಮಘಟ್ಟದ ನೆತ್ತಿಯಲ್ಲಿಯೇ ಅಗೆಯಿತು. ಸುಪ್ರೀಂ ಕೋರ್ಟು ೨೦೦೨ರ ಅಕ್ಟೋಬರದಲ್ಲಿ ತೀರ್ಪಿತ್ತು, ೨೦೦೫ರ ಕೊನೆಗೆ ಆ ಗಣಿಯನ್ನು ನಿಲ್ಲಿಸಿತು. ಗಣಿಯು ನಿಂತು ಎರಡು ದಶಕಗಳಾದರೂ ಲಕ್ಯಾ ಹೊಳೆಯ ಒಡ್ಡಿನ ಹಿಂದೆ ಕೂಡಿದ ಅದಿರಿನ ಕೆಸರು ಅಲ್ಲಿಯೇ ಇರುವದು. ಹಳೆಯ ಮನೆಯ ಕಸವನ್ನು ತೆಗೆಯದವನಿಗೆ ಹೊಸ ಮನೆಯ ಬೀಗದ ಕೈ ಕೊಡುವ ಗೃಹಸ್ಥನು ಯಾರು?

ಬಳ್ಳಾರಿಯ ಪಾಠವನ್ನಾದರೂ ನಾವು ಇಷ್ಟು ಬೇಗ ಮರೆಯಬಾರದು. ೨೦೦೬ರಲ್ಲಿ ಅಲ್ಲಿಯ ಸುಗ್ಗಲಮ್ಮ ದೇವಿಯ ಪುರಾತನ ಗುಡಿಯನ್ನು ಅದಿರಿನಾಸೆಗೆ ಸಿಡಿಮದ್ದಿಟ್ಟು ಹಾರಿಸಲಾಯಿತು. ೨೦೦೯ರಲ್ಲಿ ಶ್ರೀ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ೨೦೧೧ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರು ತಮ್ಮ ವರದಿಯನ್ನೊಪ್ಪಿಸಿದ ಎರಡೇ ದಿನಗಳಲ್ಲಿ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಆ ಮೇಲೆ ಗಣಿಯಿಂದ ಕೆಟ್ಟ ನೆಲ ನೀರುಗಳನ್ನು ಸುಧಾರಿಸುವದಕ್ಕೆಂದೇ ಒಂದು ನಿಗಮವು ಸ್ಥಾಪಿತವಾಗಿ, ಸಾವಿರಾರು ಕೋಟಿ ರೂಪಾಯಿಗಳು ಅದಕ್ಕಾಗಿ ಮೀಸಲಾದವು. ಒಂದು ಕೈಯಲ್ಲಿ ಮುಲಾಮು ಹಿಡಿದು ಮತ್ತೊಂದು ಕೈಯಲ್ಲಿ ಕತ್ತಿ ಹಿಡಿದ ವೈದ್ಯನನ್ನು ನಾವು ಏನೆಂದು ಕರೆಯಬೇಕು?

ಇನ್ನು ಪಂಡಿತರ ಒಂದು ಆಕ್ಷೇಪವನ್ನು ವಿಚಾರಿಸೋಣ. ಕೌಟಿಲ್ಯನೇ ಬೊಕ್ಕಸಕ್ಕೆ ಗಣಿಯು ಮೂಲವೆಂದು ಹೇಳಿರುವಾಗ, ಗಣಿಯನ್ನು ವಿರೋಧಿಸುವದು ನಮ್ಮ ಶಾಸ್ತ್ರಕ್ಕೇ ವಿರುದ್ಧವೆಂದು ಅವರು ಹೇಳುವರು. ಕೌಟಿಲ್ಯನು ಹಾಗೆ ಹೇಳಿದ್ದು ನಿಜ. ಆದರೆ ಮೈಸೂರಿನ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಆ ಗ್ರಂಥವನ್ನು ಒಂದು ಪ್ರಕರಣಕ್ಕೆ ನಿಲ್ಲಿಸದೆ ಪೂರ್ತಿಯಾಗಿ ಓದಬೇಕು. ಅದರಲ್ಲಿಯೇ ಆನೆಗಳಿಗಾಗಿ ಕಾಡನ್ನು ಕಾಯಬೇಕೆಂಬ ವಿಧಿಯಿದೆ. ಮರದ ಚಿಗುರು ಕೊಂಬೆಗಳನ್ನು ಕಡಿದವನಿಗೆ ದಂಡವಿದೆ. ಪುಣ್ಯಸ್ಥಾನದ ಮರವನ್ನು ಕಡಿದರೆ ಆ ದಂಡವು ಇಮ್ಮಡಿ. ದೇವದಾರಿಯ ಸೀಮೆಯಲ್ಲಿ ಚಾಲುಕ್ಯರ ಕಾಲದ ಪಾರ್ವತಿಯ ಗುಡಿಯೂ ಕುಮಾರಸ್ವಾಮಿಯ ಗುಡಿಯೂ ಇರುವಾಗ ಯಾವ ವಿಧಿಯು ಇಲ್ಲಿ ಅನ್ವಯಿಸುವದೆಂಬುದನ್ನು ಪಂಡಿತರೇ ನಿರ್ಣಯಿಸಲಿ. ಭಾಗವತದಲ್ಲಿ ಪೃಥು ಚಕ್ರವರ್ತಿಯು ಬೆಟ್ಟಗಳನ್ನು ಸಮಗೊಳಿಸಿದನಲ್ಲವೇ ಎಂದು ಕೆಲವರು ಕೇಳಬಹುದು. ಅಹುದು, ಆದರೆ ಮಳೆಗಾಲವು ಕಳೆದ ಮೇಲೂ ನೀರು ತನ್ನಲ್ಲಿ ನಿಲ್ಲಲೆಂದು ಭೂದೇವಿಯು ತಾನೇ ಬೇಡಿದ್ದರಿಂದ ಅವನು ಹಾಗೆ ಮಾಡಿದನು. ಇಂದಿನ ಗಣಿಯಾದರೋ ನೀರನ್ನು ನಿಲ್ಲಿಸುವದಿಲ್ಲ. ಕೆರೆಗಳನ್ನು ಮಣ್ಣಿನಿಂದ ತುಂಬಿಸುವದು. ೧೩೩ ಟಿಎಂಸಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯವು ಹೂಳಿನಿಂದ ೧೦೬ ಟಿಎಂಸಿಗೆ ಇಳಿದಿದೆ. ಹೂಳಿಗೆ ಕಾರಣಗಳು ಹಲವಿರಬಹುದು. ಗುಡ್ಡವನ್ನು ಬೋಳು ಮಾಡಿದರೆ ಅದು ಕಡಿಮೆಯಾಗುವದೆಂದು ಮಾತ್ರ ಯಾರೂ ಹೇಳಲಾರರು.

ಇಷ್ಟು ಅಡವಿಯ ಮಾತಾಯಿತು. ಅಡವಿಯ ಅಡಿಯಲ್ಲಿ ಬಾಳುವ ಜನರ ಮಾತು ಇದಕ್ಕಿಂತ ಮುಖ್ಯವಾದದ್ದು. ಹದಿನೆಂಟನೆಯ ಶತಮಾನದಲ್ಲಿ ಘೋರ್ಪಡೆಯವರು ಬರುವದಕ್ಕೆ ಮೊದಲು ಸಂಡೂರಿನ ಕಣಿವೆಯು ಬೇಡರ ಪಾಳೆಯಗಾರರ ವಶದಲ್ಲಿತ್ತು. ಇಂದಿಗೂ ವಾಲ್ಮೀಕಿ ನಾಯಕರು ಅಲ್ಲಿ ಬಹುಸಂಖ್ಯೆಯಲ್ಲಿರುವದರಿಂದ ಸಂಡೂರು ವಿಧಾನಸಭಾ ಕ್ಷೇತ್ರವು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದೆ. ನಮ್ಮ ಹುಕ್ಕೇರಿ ಸೀಮೆಯ ಯಮಕನಮರಡಿ ಕ್ಷೇತ್ರವೂ ಹಾಗೆಯೇ ಮೀಸಲಾದದ್ದೆಂಬುದನ್ನು ವಾಚಕರು ನೆನೆಯಲಿ. ಅಂದ ಮೇಲೆ ಸಂಡೂರಿನವರು ನಮಗೆ ಪರಕೀಯರು ಹೇಗೆ? ನಮ್ಮ ನೆರೆಯ ಹಲಗಲಿಯ ಬೇಡರು ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ಎದುರು ನಿಂತುದನ್ನೂ, ಕುಂಪಣಿಯ ದಂಡು ಅವರ ಊರನ್ನು ಸುಟ್ಟು ಮುಖಂಡರನ್ನು ಗಲ್ಲಿಗೇರಿಸಿದುದನ್ನೂ ಈ ಭಾಗದ ಲಾವಣಿಕಾರರು ಇಂದಿಗೂ ಹಾಡುವರು, ನಾವು ತಲೆದೂಗುವೆವು. ಅಂದು ಬೇಡನ ಕೈಯ ಆಯುಧವನ್ನು ಅವನನ್ನು ಕೇಳದೆ ಕಸಿಯುವದು ಅನ್ಯಾಯವಾಗಿದ್ದರೆ, ಇಂದು ಅವನ ಬೆನ್ನಿನ ಗುಡ್ಡವನ್ನು ಅವನನ್ನು ಕೇಳದೆ ಕಸಿಯುವದು ನ್ಯಾಯವಾಗುವದು ಹೇಗೆ?

ಕೇಳಬೇಕೆಂಬ ಕಾಯಿದೆಯು ಇಲ್ಲದಿಲ್ಲ. ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶವು ಒಂದೂ ಇಲ್ಲ. ಆದುದರಿಂದ ಆ ಅನುಸೂಚಿಯ ರಕ್ಷಣೆಯು ನಮ್ಮ ಬುಡಕಟ್ಟಿನವರಿಗೆ ದೊರೆಯದು. ಅವರಿಗೆ ಉಳಿದ ಆಸರೆಯೆಂದರೆ ೨೦೦೬ರ ಅರಣ್ಯ ಹಕ್ಕು ಕಾಯಿದೆ ಮತ್ತು ಅದರಿಂದ ಬಲ ಪಡೆದ ಗ್ರಾಮಸಭೆ. ೨೦೧೩ನೆಯ ಏಪ್ರಿಲ್ ೧೮ರಂದು ಸುಪ್ರೀಂ ಕೋರ್ಟು ಎರಡು ತೀರ್ಪುಗಳನ್ನು ಕೊಟ್ಟಿತು. ಒಂದು ಬಳ್ಳಾರಿಯ ಗಣಿಗಳನ್ನು ಕುರಿತದ್ದು. ಅದರಿಂದ ತೀರ ಅಪರಾಧಿಗಳಾದ ಗಣಿಗಳ ಗುತ್ತಿಗೆಗಳು ರದ್ದಾದವು. ಇನ್ನೊಂದು ಒಡಿಶಾದ ನಿಯಮಗಿರಿಯನ್ನು ಕುರಿತದ್ದು. ಅಲ್ಲಿಯ ಡೋಂಗ್ರಿಯಾ ಕೊಂಧ ಜನರು ದೇವರೆಂದು ನಂಬಿದ ಗುಡ್ಡದಲ್ಲಿ ಬಾಕ್ಸೈಟು ತೆಗೆಯಬಹುದೇ ಎಂಬುದನ್ನು ಗ್ರಾಮಸಭೆಗಳ ಮುಂದಿಡಬೇಕೆಂದು ಕೋರ್ಟು ಹೇಳಿತು. ಹನ್ನೆರಡು ಹಳ್ಳಿಗಳ ಸಭೆಗಳು ಕೂಡಿದವು, ಹನ್ನೆರಡೂ ಒಲ್ಲೆವೆಂದವು, ಗಣಿಯು ನಿಂತಿತು. ಒಂದೇ ದಿನದ ಈ ಎರಡು ತೀರ್ಪುಗಳಲ್ಲಿ ಮೊದಲನೆಯದು ಮಾತ್ರ ನಮ್ಮ ನಾಡಿಗೆ ತಲುಪಿ, ಎರಡನೆಯದು ತಲುಪದೆ ಹೋಯಿತೇ? ಶಾಸನಸಭೆಯಲ್ಲಿ ಒಂದು ಮೀಸಲು ಕುರ್ಚಿಯನ್ನು ಕೊಟ್ಟು, ಊರಿನ ಕಟ್ಟೆಯ ಮೇಲೆ ಆಡುವ ಮಾತಿಗೆ ಬೆಲೆ ಕೊಡದಿದ್ದರೆ ಆ ಮೀಸಲು ಅಲಂಕಾರ ಮಾತ್ರವಾಗುವದು.

ದೇಶಕ್ಕೆ ಕಬ್ಬಿಣವು ಬೇಡವೇ ಎಂದು ಕೇಳುವವರಿಗೂ ಉತ್ತರವಿದೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಂದ ವರ್ಷಕ್ಕೆ ತೆಗೆಯತಕ್ಕ ಅದಿರಿನ ಮಿತಿಯನ್ನು ಸುಪ್ರೀಂ ಕೋರ್ಟು ೨೦೨೨ರಲ್ಲಿ ೫ ಕೋಟಿ ಟನ್ನಿಗೆ ಏರಿಸಿತು. ದೇವದಾರಿಯಿಂದ ತೆಗೆಯಲು ಯೋಜಿಸಿದ್ದು ವರ್ಷಕ್ಕೆ ಸುಮಾರು ೨೦ ಲಕ್ಷ ಟನ್ನು. ಎಂದರೆ ನೂರರಲ್ಲಿ ನಾಲ್ಕು ಪಾಲು. ಆಗಲೇ ಬಾಯಿ ತೆರೆದಿರುವ ಗಣಿಗಳು ಇರುವಾಗ ಈ ನಾಲ್ಕು ಪಾಲಿಗಾಗಿ ಮುಟ್ಟದ ಅಡವಿಯನ್ನು ಮುಟ್ಟಲೇಬೇಕೆಂಬ ಹಟವು ಯಾತಕ್ಕೆ? ಕಂಪನಿಯ ನೌಕರರ ಹೊಟ್ಟೆಯ ಪ್ರಶ್ನೆಯು ನಿಜವಾದದ್ದೇ. ಅದನ್ನು ಹಗುರಾಗಿ ಕಾಣುವವನು ನಾನಲ್ಲ. ಆದರೆ ಸರಕಾರಕ್ಕೆ ಅವರನ್ನು ಇತರ ಉಕ್ಕಿನ ಸಂಸ್ಥೆಗಳಿಗೆ ಸೇರಿಸಿಕೊಳ್ಳುವ ಮಾರ್ಗವಿದೆ. ಅಡವಿಗೆ ವರ್ಗಾವಣೆಯೆಂಬುದಿಲ್ಲ. ಬೇರೊಂದು ಕಡೆ ಸಸಿ ನೆಡುವೆವೆಂಬ ಭರವಸೆಯೂ ಇಂಥದೇ. ಸಸಿಗಳ ಸಾಲು ತೋಟವಾಗಬಹುದು. ಕರಡಿಯ ಗವಿ, ನವಿಲಿನ ನೆಲೆ, ಮೂಲಿಕೆಯ ಬೇರು, ಬಂಡೆಯ ಸಂದಿನ ಒರತೆ ಇವೆಲ್ಲವೂ ಕೂಡಿದ ಅಡವಿಯನ್ನು ನೆಡುವ ವಿದ್ಯೆಯು ಯಾವ ಇಲಾಖೆಗೂ ಬಾರದು.

ಇಲ್ಲಿ ನಮ್ಮ ಮನೆಯ ದೀಪದ ಮಾತನ್ನೂ ಹೇಳಬೇಕಾಗಿದೆ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ರಾಯಚೂರಿನಲ್ಲಿಯೂ ಬಳ್ಳಾರಿಯಲ್ಲಿಯೂ ಉರಿಯುವ ಕಲ್ಲಿದ್ದಲು ಪರನಾಡಿನ ನೆಲದಿಂದ ಬರುವದು. ಛತ್ತೀಸಗಡದ ಹಸದೇವ ಅರಣ್ಯದಲ್ಲಿ ಗೊಂಡ ಜನರು ಕಲ್ಲಿದ್ದಲಿನ ಗಣಿಗಳನ್ನು ವಿರೋಧಿಸಿ ೨೦೨೧ರಲ್ಲಿ ರಾಯಪುರದ ವರೆಗೆ ಸುಮಾರು ೩೦೦ ಕಿಲೋಮೀಟರು ನಡೆದರು. ೨೦೨೨ರ ಜುಲೈಯಲ್ಲಿ ಆ ರಾಜ್ಯದ ವಿಧಾನಸಭೆಯು ಅಲ್ಲಿಯ ಗಣಿಗಳ ಹಂಚಿಕೆಯನ್ನು ರದ್ದುಪಡಿಸಬೇಕೆಂದು ಒಮ್ಮತದಿಂದ ನಿರ್ಣಯಿಸಿತು. ಆದರೂ ೨೦೨೩ರ ಡಿಸೆಂಬರದಲ್ಲಿ ಮರಗಳು ಉರುಳಿದವು. ಆ ಕಲ್ಲಿದ್ದಲು ರಾಜಸ್ಥಾನದ ದೀಪಗಳಿಗೆ ಹೋಗುವದು, ನಮ್ಮ ದೀಪಗಳಿಗಲ್ಲ; ಆದರೂ ನೀತಿಯು ಒಂದೇ. ದೂರದವರ ಬೆಳಕಿಗಾಗಿ ಹತ್ತಿರದವರು ಕತ್ತಲಾಗಬೇಕೆಂಬ ಈ ಲೆಕ್ಕವನ್ನು ಸಂಡೂರಿನಲ್ಲಿ ನಾವು ಒಪ್ಪಿದರೆ, ನಾಳೆ ಅದೇ ಲೆಕ್ಕದ ಪುಸ್ತಕವು ನಮ್ಮ ಬಾಗಿಲಿಗೂ ಬರಬಹುದು.

ಹಿಡಕಲ್ ಜಲಾಶಯಕ್ಕಾಗಿ ಮನೆ ಹೊಲಗಳನ್ನು ಬಿಟ್ಟವರು ನಮ್ಮ ನೆರೆಹೊರೆಯಲ್ಲಿಯೇ ಇರುವರು. ನೀರು ಇಳಿದ ಬೇಸಿಗೆಯಲ್ಲಿ ತಲೆಯೆತ್ತುವ ವಿಠ್ಠಲನ ಗುಡಿಯನ್ನು ನೋಡಲು ನಾವು ಮಕ್ಕಳನ್ನು ಕರೆದುಕೊಂಡು ಹೋಗುವೆವು. ಆ ತ್ಯಾಗದಿಂದ ನಮ್ಮ ಹೊಲಗಳು ನೀರುಂಡವು. ಪ್ರತಿವರ್ಷವೂ ಮಳೆಯು ಆ ಜಲಾಶಯವನ್ನು ಮತ್ತೆ ತುಂಬುವದು. ಗಣಿಯ ಕುಣಿಯನ್ನು ಯಾವ ಮಳೆಯೂ ಅದಿರಿನಿಂದ ತುಂಬಲಾರದು. ತ್ಯಾಗವನ್ನು ಬೇಡುವವರು ಈ ಭೇದವನ್ನಾದರೂ ತಿಳಿದು ಬೇಡಬೇಕು.

ಕಿಂಬಹುನಾ, ನನ್ನ ಬೇಡಿಕೆಗಳು ಮೂರು. ಗುಡ್ಡದ ಸುತ್ತಲಿನ ಪ್ರತಿ ಹಳ್ಳಿಯ ಗ್ರಾಮಸಭೆಯು ಅಧಿಕಾರಿಗಳ ಒತ್ತಾಯವಿಲ್ಲದೆ ಕೂಡಿ, ಕಾಗದಪತ್ರಗಳನ್ನೆಲ್ಲ ಕನ್ನಡದಲ್ಲಿ ಓದಿಸಿ ಕೇಳಿ, ತನ್ನ ತೀರ್ಮಾನವನ್ನು ಬಹಿರಂಗಪಡಿಸಲಿ. ಆ ತೀರ್ಮಾನವು ಸರಕಾರವನ್ನು ಕಟ್ಟಿಹಾಕಲಿ. ಕುದುರೆಮುಖದ ಬಾಕಿಯು ತೀರಿ, ಅಲ್ಲಿಯ ನೆಲವು ಸುಧಾರಿಸುವ ವರೆಗೆ ಆ ಕಂಪನಿಗೆ ಕರ್ನಾಟಕದ ಒಂದು ಗೇಣು ಅಡವಿಯನ್ನೂ ಕೊಡದಿರಲಿ. ಸಂಡೂರಿನಲ್ಲಿ ಉಳಿದಿರುವ ಕಾಡನ್ನು ಗಣಿಗಳಿಗೆ ಶಾಶ್ವತವಾಗಿ ಮುಚ್ಚಲಿ. ನಮ್ಮ ಸಂಘವು ಮುಂದಿನ ಸಭೆಯಲ್ಲಿ ಈ ಅರ್ಥದ ನಿರ್ಣಯವನ್ನು ಅಂಗೀಕರಿಸಿ ಉಭಯ ಸರಕಾರಗಳಿಗೆ ಕಳಿಸಬೇಕೆಂದು ಸದಸ್ಯರಲ್ಲಿ ವಿಜ್ಞಾಪಿಸುವೆನು. ಸಾಹಿತ್ಯ ಸಂಘಕ್ಕೆ ಇದು ಸಂಬಂಧಪಡದೆಂದು ಯಾರಾದರೂ ಹೇಳಿದರೆ, ಹಲಗಲಿಯ ಲಾವಣಿಯು ಸಾಹಿತ್ಯವೋ ಅಲ್ಲವೋ ಎಂಬುದನ್ನು ಅವರು ಮೊದಲು ಹೇಳಲಿ. ಇತ್ಯಲಂ.