ಹೆಲ್ಮೆಟ್ ದುಡ್ಡು ಕೂಲಿಯಿಂದ ಮುರಿಯುವಂತಿಲ್ಲ

‘ಹುಷಾರಾಗಿ ಕೆಲಸ ಮಾಡಬೇಕಿತ್ತು.’ ಕೆಲಸದಲ್ಲಿ ಏಟು ಬಿದ್ದವರಿಗೆ ಮೊದಲು ಸಿಗುವ ಪರಿಹಾರ ಈ ಮಾತು. ನಾವು ಇದನ್ನು ಒಪ್ಪುವುದಿಲ್ಲ.

2023ರ ಡಿಸೆಂಬರ್ 4ರಂದು ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ಸಂಗ್ರಹ ಘಟಕ ಕುಸಿದು ಬಿಹಾರದ 7 ಕಾರ್ಮಿಕರು ಸತ್ತರು. ಜೋಳದ ಮೂಟೆಗಳ ರಾಶಿ ಮೈಮೇಲೆ ಬೀಳುವಾಗ ಅವರು ಹೇಗೆ ಹುಷಾರಾಗಿರಬೇಕಿತ್ತು?

ಖಜೂರಿಯಂಥ ಗಡಿ ಊರುಗಳಿಂದ ಕಲಬುರಗಿಯ ದಾಲ್‌ಮಿಲ್‌ಗೆ, ಪುಣೆ, ಮುಂಬೈಯ ಕಟ್ಟಡ ಕೆಲಸಕ್ಕೆ ಹೋಗುವವರು ತಿಳಿಯಬೇಕು: ಸುರಕ್ಷತೆ ಮಾಲೀಕರ ದೊಡ್ಡತನವಲ್ಲ, ಕಾನೂನಿನ ಹೊಣೆ. ಯಂತ್ರಕ್ಕೆ ತಡೆಬೇಲಿ, ದೂಳು ಹೊರಹಾಕುವ ವ್ಯವಸ್ಥೆ, ಕುಡಿಯುವ ನೀರು ಕಡ್ಡಾಯ ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಸಂಹಿತೆಯಲ್ಲೂ ಹೊಣೆ ಮಾಲೀಕರದೇ. 10 ಅಥವಾ ಹೆಚ್ಚು ಜನ ದುಡಿಯುವ ಕಡೆ ನೇಮಕಾತಿ ಪತ್ರ ಕೊಡಲೇಬೇಕು. ಹೆಲ್ಮೆಟ್, ಮಾಸ್ಕ್‌ಗೆಂದು ಕೂಲಿ ಮುರಿಯುವಂತಿಲ್ಲ.

ಪತ್ರವಿಲ್ಲದಿದ್ದರೆ ಅವಘಡದ ಮರುದಿನ ‘ಇವನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ’ ಎಂದು ಕೈ ತೊಳೆದುಕೊಳ್ಳುವುದು ಸುಲಭ. ಮೇಸ್ತ್ರಿ ಬಂದಾಗ ಮುಂಗಡ ಎಷ್ಟೆಂದು ಕೇಳುತ್ತೇವೆ. ಪತ್ರ ಎಲ್ಲಿ, ಹೆಲ್ಮೆಟ್ ಎಲ್ಲಿ ಎಂದೂ ಕೇಳೋಣ. ಬಸ್ ಹತ್ತುವ ಮೊದಲೇ ಕೇಳೋಣ.