ಗರ್ಭಿಣಿಗೆ ಜ್ವರವೇ? ಮೊದಲು ರಕ್ತ ಪರೀಕ್ಷೆ ಮಾಡಿಸಿ

ಮಳೆಗಾಲ ಬಂತೆಂದರೆ ಮಂಗಳೂರಿಗೆ ಮಲೇರಿಯಾವೂ ಬಂತು. ಗರ್ಭಿಣಿಗೆ ಚಳಿಜ್ವರ ಬಂದರೆ ನಮ್ಮಲ್ಲಿ ಕೆಲವರು ಮೊದಲು ಓಡಿ ಬರುವುದು ನೀರು ಮಂತ್ರಿಸಲು ಉಸ್ತಾದರ ಬಳಿಗೆ. ದುಆ ಖಂಡಿತ ಮಾಡುತ್ತೇವೆ. ಆದರೆ ರಕ್ತ ಪರೀಕ್ಷೆ ಮಾಡಿಸಿದ್ರಾ ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ಫಾಲ್ಸಿಪಾರಂ ಎಂಬ ಮಲೇರಿಯಾ ರೋಗಾಣು ಹೊಕ್ಕ ರಕ್ತಕಣಗಳು ಗರ್ಭಿಣಿಯ ಮಾಸಿನಲ್ಲಿ ಅಂಟಿಕೊಂಡು ಕೂರುತ್ತವೆ. ಮಗುವಿಗೆ ಆಹಾರ, ಉಸಿರು ಹೋಗುವ ದಾರಿಯೇ ಅದು. ದಾರಿ ಕೆಟ್ಟರೆ ಮಗು ತೂಕ ಕಡಿಮೆಯಾಗಿ, ದಿನ ತುಂಬುವ ಮೊದಲೇ ಹುಟ್ಟಬಹುದು, ಹೊಟ್ಟೆಯಲ್ಲೇ ತೀರಿಕೊಳ್ಳಲೂಬಹುದು. ತಾಯಿಗೆ ರಕ್ತಹೀನತೆ. ಚೊಚ್ಚಲ ಬಸುರಿಗೆ ಅಪಾಯ ಹೆಚ್ಚು. ನಮ್ಮೂರಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಕೂಡ ಮಗುವಿನ ತೂಕ ಇಳಿಸುತ್ತದೆ.

ರೋಗಾಣು ಮಾಸಿನಲ್ಲಿ ಅಡಗಿದ್ದರೆ ಬೆರಳಿನ ರಕ್ತದಲ್ಲಿ ಕಾಣದೇ ಇರಬಹುದು. ಜ್ವರ ಬಿಡದಿದ್ದರೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಉಳಿದ ಮಾತ್ರೆ ಕೊಡಲೇಬೇಡಿ; ಪ್ರೈಮಾಕ್ವಿನ್ ಗರ್ಭಿಣಿಗೆ ಕೊಡಬಾರದ ಮದ್ದು. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮದ್ದು ಎರಡೂ ಉಚಿತ.

ರೋಗಕ್ಕೆ ಮದ್ದು ಮಾಡಬೇಕೆಂದು ಪ್ರವಾದಿಯವರೇ (ಸ) ಕಲಿಸಿದ್ದಾರೆ. ಗಂಡ ಗಲ್ಫಿನಲ್ಲಿದ್ದಾನೆ ಅಂತ ಕಾಯಬೇಡಿ. ಅತ್ತೆ-ಮಾವಂದಿರೇ, ಆಕೆಯನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಅಮಾನತ್ ನಿಮ್ಮದು.