ಹಿತ್ತಲ ಗಿಡ ಮದ್ದಲ್ಲವೆ?



ತೊರಪಳ್ಳಿಯಲ್ಲಿ ಒಂದು ಸಣ್ಣ ಪ್ರಕಾಶನ ಸಂಸ್ಥೆಯನ್ನು ಸ್ಥಾಪಿಸಬೇಕು, ಈ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಬೆಳೆದು ಇಲ್ಲಿಯ ನುಡಿಯಲ್ಲಿ ಬರೆಯುವವರ ಪುಸ್ತಕಗಳನ್ನು ಅದು ಅಚ್ಚು ಹಾಕಿಸಬೇಕು ಎಂಬ ಮಾತನ್ನು ಎತ್ತಿದಾಗಲೆಲ್ಲ ನಾಲ್ಕು ಆಕ್ಷೇಪಗಳು ಅದರ ಬೆನ್ನಿಗೇ ಬರುತ್ತವೆ. ಬರೆಯುವವರು ಎಲ್ಲಿದ್ದಾರೆ? ಕೊಂಡು ಓದುವವರು ಎಲ್ಲಿದ್ದಾರೆ? ಬೆಂಗಳೂರು ಮೈಸೂರುಗಳಲ್ಲಿ ದೊಡ್ಡ ಪ್ರಕಾಶಕರಿರುವಾಗ ನಮಗೇತಕ್ಕೆ ಈ ಉಸಾಬರಿ? ಮೊಬೈಲಿನಲ್ಲಿ ಬರೆದು ಹಂಚಿದರೆ ಸಾಲದೆ? ಈ ನಾಲ್ಕಕ್ಕೂ ಉತ್ತರ ಹೇಳಬೇಕೆಂದೇ ನಾವು ಲೇಖನಿಯನ್ನು ಕೈಗೆತ್ತಿಕೊಂಡಿದ್ದೇವೆ. ಮಾತು ತುಸು ಖಾರವಾದರೆ ವಾಚಕರು ಸೈರಿಸಬೇಕು.

ಮೊದಲು ನಾವು ಎಲ್ಲಿ ನಿಂತಿದ್ದೇವೆಂಬುದನ್ನು ನೋಡೋಣ. ಗೂಡಲೂರಿನಿಂದ ಮೈಸೂರಿನ ಕಡೆಗೆ ಹೊರಟವರಿಗೆ ಮುದುಮಲೆಯ ಕಾಡಿನ ಬಾಗಿಲು ತೊರಪಳ್ಳಿ. ಈ ಗೂಡಲೂರು ಸೀಮೆ ೧೮೭೭ರಲ್ಲಿ ಮಲಬಾರು ಜಿಲ್ಲೆಯಿಂದ ನೀಲಗಿರಿಗೆ ಸೇರಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನೀಲಗಿರಿ ಮದರಾಸಿನಲ್ಲಿಯೇ ಉಳಿಯಿತು. ಗಡಿಗಳು ಅತ್ತಿತ್ತ ಸರಿದರೂ ಜನರ ನಾಲಗೆ ಸರಿಯಲಿಲ್ಲ. ಕನ್ನಡ, ತಮಿಳು, ಮಲೆಯಾಳಗಳ ನಡುವೆ ಬಡಗ, ಬೆಟ್ಟ ಕುರುಂಬ, ಜೇನು ಕುರುಬ, ಪಣಿಯ, ಇರುಳ, ತೋಡ, ಕೋತ ನುಡಿಗಳು ಇಂದಿಗೂ ಈ ಜಿಲ್ಲೆಯಲ್ಲಿ ಬಾಳುತ್ತಿವೆ. ಇಷ್ಟು ನುಡಿಗಳ ತವರಿನಲ್ಲಿ ಹೇಳತಕ್ಕ ಮಾತಿಗೆ ಕೊರತೆಯೆಂದರೆ ಯಾರು ನಂಬಿಯಾರು?

ಆದರೆ ಆ ಮಾತು ಪುಸ್ತಕವಾದದ್ದು ಎಲ್ಲಿ? ಬಡಗ ನುಡಿಯ ಲೂಕನ ಸುವಾರ್ತೆ ೧೮೯೦ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎಮೆನೋ ಎಂಬ ವಿದ್ವಾಂಸರು ಸಂಗ್ರಹಿಸಿದ ಕೋತರ ಕಥೆಗಳು ೧೯೪೪ರಿಂದ ೧೯೪೬ರವರೆಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಳಕು ಕಂಡವು. ಅವರೇ ಸಂಗ್ರಹಿಸಿದ ತೋಡರ ಹಾಡುಗಳು ೧೯೭೧ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂದವು. ಬಡಗ ನುಡಿಯ ನಿಘಂಟನ್ನು ಹಾಕಿಂಗ್ಸ್ ಮತ್ತು ಪಿಲೋ-ರೈಶೂರ್ ಅವರು ರಚಿಸಿದರು; ೧೯೯೨ರಲ್ಲಿ ಅದನ್ನು ಪ್ರಕಟಿಸಿದ್ದು ಬರ್ಲಿನ್ನಿನ ಸಂಸ್ಥೆ. ನಮ್ಮ ಕಾಡಿನಂಚಿನ ಬೆಟ್ಟ ಕುರುಂಬರ ನುಡಿಗೆ ವ್ಯಾಕರಣವೊಂದು ೨೦೦೩ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಪ್ರಬಂಧವಾಗಿ ಸಲ್ಲಿಕೆಯಾಯಿತು.

ಈ ವಿದ್ವಾಂಸರ ಶ್ರಮಕ್ಕೆ ನಾವು ಕೈಮುಗಿಯುತ್ತೇವೆ. ಅವರು ಬರೆದಿಡದೆ ಹೋಗಿದ್ದರೆ ಎಷ್ಟೋ ಹಾಡು, ಎಷ್ಟೋ ಪದ ಹೇಳಿದವರೊಡನೆಯೇ ಮಣ್ಣಾಗುತ್ತಿದ್ದುವು. ನಮ್ಮ ತಕರಾರು ಬೇರೆ. ಆ ಗ್ರಂಥಗಳು ಬೆಟ್ಟದ ಜನರನ್ನು ಕುರಿತು ಪಂಡಿತರಿಗಾಗಿ ಇಂಗ್ಲಿಷಿನಲ್ಲಿ ಸಿದ್ಧವಾದವು. ಹಾಡಿದವಳ ಮೊಮ್ಮಗಳು ಶಾಲೆಗೆ ಹೋಗಿ ಅಕ್ಷರ ಕಲಿತರೂ ಅಜ್ಜಿಯ ಹಾಡಿನ ಪುಸ್ತಕವನ್ನು ಕೊಳ್ಳಲಾರಳು, ಕೊಂಡರೂ ಓದಲಾರಳು. ಚಹದ ಎಲೆ ಇಲ್ಲಿಂದ ಇಳಿಯಿತು, ತೇಗ ಬೀಟೆಗಳು ಇಳಿದವು, ಮಾತೂ ಹಾಗೆಯೇ ಕಚ್ಚಾ ಮಾಲಾಗಿ ಘಟ್ಟವಿಳಿಯುವುದು ನಮಗೆ ಒಪ್ಪಿಗೆಯೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ನಮಗಿಂತ ಮೊದಲು, ನಮಗಿಂತ ಕಟುವಾಗಿ ಕೇಳಿದವರು ಆಫ್ರಿಕಾದ ಲೇಖಕರು. ನೈಜೀರಿಯದ ಚಿನುವ ಅಚೆಬೆಯವರ ಮೊದಲ ಕಾದಂಬರಿ ೧೯೫೮ರಲ್ಲಿ ಪ್ರಕಟವಾದದ್ದು ಲಂಡನ್ನಿನಲ್ಲಿ. ೧೯೬೨ರಲ್ಲಿ ಆರಂಭವಾಗಿ ಜಗತ್ತಿಗೆ ಆಫ್ರಿಕದ ಸಾಹಿತ್ಯವನ್ನು ಪರಿಚಯಿಸಿದ ಪ್ರಸಿದ್ಧ ಮಾಲೆಯೂ ಲಂಡನ್ನಿನ ಹೈನ್‌ಮನ್ ಸಂಸ್ಥೆಯದೇ. ಅದು ದೊಡ್ಡ ಉಪಕಾರವೇ ಸರಿ. ಆದರೂ ಅಲ್ಲಿಯವರು ಅಷ್ಟಕ್ಕೇ ತೃಪ್ತರಾಗಿ ಕೂಡಲಿಲ್ಲ. ಇಬಾದಾನ್ ನಗರದಲ್ಲಿ ೧೯೬೧ರಲ್ಲಿ ಹುಟ್ಟಿದ ಎಂಬಾರಿ ಎಂಬ ಲೇಖಕರ ಕೂಟವು ಒಕಿಗ್ಬೊ, ಕ್ಲಾರ್ಕ್, ಸೋಯಿಂಕಾ ಮೊದಲಾದ ತರುಣರ ಕವನ ನಾಟಕಗಳನ್ನು ತಾನೇ ಪ್ರಕಟಿಸಿತು. ನೈರೋಬಿಯಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಈಸ್ಟ್ ಆಫ್ರಿಕನ್ ಪಬ್ಲಿಷಿಂಗ್ ಹೌಸ್ ಮರುವರ್ಷವೇ ಉಗಾಂಡದ ಒಕೋಟ್ ಪಿ’ಬಿಟೆಕ್ ಅವರ ಲಾವಿನೋಳ ಹಾಡನ್ನು ಹೊರತಂದಿತು. ಅಚೆಬೆಯವರೂ ಒಕಿಗ್ಬೊ ಅವರೂ ೧೯೬೭ರಲ್ಲಿ ಎನುಗು ಪಟ್ಟಣದಲ್ಲಿ ಸಿಟಡೆಲ್ ಪ್ರೆಸ್ ತೆರೆದರು. ಅದೇ ವರ್ಷ ಬಿಯಾಫ್ರ ಯುದ್ಧ ಆರಂಭವಾಗಿ ಒಕಿಗ್ಬೊ ರಣದಲ್ಲಿ ಮಡಿದರು, ಆ ಸಂಸ್ಥೆಯೂ ಉಳಿಯಲಿಲ್ಲ. ಕಾದಂಬರಿಕಾರ್ತಿ ಫ್ಲೋರಾ ನ್ವಾಪಾ ಅವರು ಎಪ್ಪತ್ತರ ದಶಕದಲ್ಲಿ ತಮ್ಮದೇ ಪ್ರಕಾಶನವನ್ನು ಕಟ್ಟಿ ಮಕ್ಕಳಿಗೂ ಪುಸ್ತಕಗಳನ್ನು ಕೊಟ್ಟರು. ಇವರಲ್ಲಿ ಯಾರೂ ಕುಬೇರರಾಗಿರಲಿಲ್ಲ. ಯಾವ ಹಸ್ತಪ್ರತಿ ಪುಸ್ತಕವಾಗಬೇಕು ಎಂಬ ತೀರ್ಮಾನ ತಮ್ಮ ನೆಲದಲ್ಲಿ ಆಗಬೇಕೆಂಬುದೊಂದೇ ಅವರ ಹಟ.

ಈಗ ಆಕ್ಷೇಪಗಳಿಗೆ ಬರೋಣ.

ಬರೆಯುವವರು ಎಲ್ಲಿದ್ದಾರೆ ಎನ್ನುತ್ತೀರಿ. ಬಾವಿ ತೋಡುವ ಮುನ್ನವೇ ನೀರು ತೋರಿಸೆಂದರೆ ಹೇಗೆ? ಧಾರವಾಡದಲ್ಲಿ ಜಿ. ಬಿ. ಜೋಶಿಯವರು ೧೯೩೩ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಗಿರೀಶ ಕಾರ್ನಾಡರು ಹುಟ್ಟಿಯೂ ಇರಲಿಲ್ಲ. ಆ ಮಾಲೆ ಬಾಗಿಲು ತೆರೆದುಕೊಂಡು ಕಾದಿದ್ದರಿಂದಲೇ ೧೯೬೧ರಲ್ಲಿ ಇಪ್ಪತ್ತಮೂರರ ತರುಣನ ‘ಯಯಾತಿ’ಗೂ ೧೯೬೫ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ಕ್ಕೂ ಅಲ್ಲಿ ಸ್ಥಳ ಸಿಕ್ಕಿತು. ಸಾಗರದ ಬಳಿಯ ಹೆಗ್ಗೋಡು ಪೇಟೆಯಲ್ಲ, ಪಟ್ಟಣವಲ್ಲ; ಅಡಕೆ ತೋಟಗಳ ನಡುವಿನ ಹಳ್ಳಿ. ಐವತ್ತರ ದಶಕದ ಕೊನೆಯಲ್ಲಿ ಕೆ. ವಿ. ಸುಬ್ಬಣ್ಣನವರು ಅಲ್ಲಿ ಅಕ್ಷರ ಪ್ರಕಾಶನವನ್ನು ಆರಂಭಿಸಿದರು. ಇಂದು ಆ ಹಳ್ಳಿಯ ಹೆಸರು ಅರಿಯದ ಕನ್ನಡ ಓದುಗನುಂಟೆ? ಪ್ರಕಾಶಕನು ಲೇಖಕನಿಗಾಗಿ ಕಾಯುವುದಲ್ಲ. ತನ್ನ ಬರವಣಿಗೆಗೆ ಒಂದು ಮನೆ ಇದೆಯೆಂಬ ಭರವಸೆ ಹುಟ್ಟಿದ ಕಡೆ ಲೇಖಕ ಹುಟ್ಟುತ್ತಾನೆ.

ಕೊಳ್ಳುವವರು ಎಲ್ಲಿದ್ದಾರೆ ಎನ್ನುತ್ತೀರಿ. ಕೀನ್ಯಾದ ಗೂಗಿ ವಾ ಥಿಯಾಂಗೊ ಅವರು ಗೀಕುಯು ನುಡಿಯಲ್ಲಿ ಹಳ್ಳಿಗರೊಡನೆ ಸೇರಿ ನಾಟಕವಾಡಿಸಿದರು. ೧೯೭೭ರ ಕೊನೆಯಲ್ಲಿ ಸರಕಾರ ಅವರನ್ನು ವಿಚಾರಣೆಯಿಲ್ಲದೆ ಸೆರೆಗೆ ಹಾಕಿತು. ಸೆರೆಮನೆಯಲ್ಲಿ ಶೌಚದ ಕಾಗದದ ಮೇಲೆ ಅವರು ಗೀಕುಯುವಿನಲ್ಲಿಯೇ ಒಂದು ಕಾದಂಬರಿ ಬರೆದರು. ೧೯೮೦ರಲ್ಲಿ ನೈರೋಬಿಯ ಪ್ರಕಾಶಕರು ಅದರ ೫,೦೦೦ ಪ್ರತಿಗಳನ್ನು ಅಚ್ಚು ಹಾಕಿಸಿ, ಅವು ಮಾರಾಟವಾಗಲು ಮೂರರಿಂದ ಐದು ವರ್ಷ ಹಿಡಿದೀತೆಂದು ಎಣಿಸಿದ್ದರು. ಒಂದು ತಿಂಗಳೊಳಗೆ ಇನ್ನೂ ೫,೦೦೦ ಪ್ರತಿ ಬೇಕಾಯಿತು. ಅದೇ ವರ್ಷ ಮತ್ತೆ ೫,೦೦೦. ಮನೆಗಳಲ್ಲಿ ಓದು ಬಲ್ಲ ಮಗ ಓದಿದ, ಓದು ಬಾರದ ಹಿರಿಯರು ಕೇಳಿದರು. ಇನ್ನು ನಮ್ಮವರೇ ಆದ ಗಳಗನಾಥರನ್ನು ನೆನೆಯೋಣ. ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಅವರು ಓದುಗರನ್ನು ಸಂಪಾದಿಸಿದರು. ಓದುಗ ಸಂತೆಯಲ್ಲಿ ಕಾದು ಕುಳಿತಿರುವುದಿಲ್ಲ. ಅವನ ಜಗಲಿಗೆ ನಾವು ಹೋಗಬೇಕು.

ದೊಡ್ಡ ಊರಿನವರು ಮಾಡಲಿ ಎನ್ನುತ್ತೀರಿ. ಅವರ ಕೆಲಸ ಅವರಿಗೆ ಹೊರೆಯಷ್ಟಿದೆ. ಮುದುಮಲೆಯಾಚೆಯ ಹಸ್ತಪ್ರತಿಯೊಂದು ಅವರ ಮೇಜಿನ ಮೇಲೆ ಬಿದ್ದರೆ ಅದರ ಮಾತು ಅವರಿಗೆ ಒಗ್ಗುವುದೆ? ಇನ್ನು ಕೆಲವು ಕಡೆ ಲೇಖಕನಿಂದಲೇ ಹಣ ಪಡೆದು, ಪುಸ್ತಕದ ಕಟ್ಟುಗಳನ್ನು ಅವನ ಮನೆಗೇ ಇಳಿಸಿ ಕೈತೊಳೆದುಕೊಳ್ಳುವುದುಂಟು. ಅದಕ್ಕೆ ಪ್ರಕಾಶನವೆಂದು ಹೆಸರಿಡಲು ನಮ್ಮ ನಾಲಗೆ ಏಳದು. ಸಣ್ಣ ಸಂಸ್ಥೆಯ ಶಕ್ತಿಯನ್ನು ಅಳೆಯಬೇಕೆಂಬವರು ೨೦೨೫ರ ಮೇ ತಿಂಗಳನ್ನು ನೆನೆಯಲಿ. ಬಾನು ಮುಷ್ತಾಕರ ಕನ್ನಡ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಆ ಅನುವಾದವನ್ನು ಪ್ರಕಟಿಸಿದ್ದು ಲಂಡನ್ನಿನ ದೈತ್ಯ ಸಂಸ್ಥೆಯಲ್ಲ, ಚಂದಾದಾರರ ಬೆಂಬಲ ಪಡೆದು ನಡೆಯುವ ಶೆಫೀಲ್ಡ್ ನಗರದ ಒಂದು ಸಣ್ಣ ಪ್ರಕಾಶನ.

ಮೊಬೈಲು ಸಾಲದೆ ಎನ್ನುತ್ತೀರಿ. ಸಾಲದು. ಬೆಳಿಗ್ಗೆ ವಾಟ್ಸಾಪಿನಲ್ಲಿ ಬಂದ ಪದ್ಯ ಸಂಜೆಗೆ ನೂರು ಶುಭಾಶಯಗಳ ಕೆಳಗೆ ಹೂತುಹೋಗುತ್ತದೆ. ಅಚ್ಚಾದ ಪುಸ್ತಕಕ್ಕೆ ಕಾನೂನಿನಲ್ಲಿಯೇ ಒಂದು ನೆಲೆಯಿದೆ: ೧೯೫೪ರ ಕಾಯಿದೆಯಂತೆ ಪ್ರಕಾಶಕನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈಯ ಕನ್ನಿಮರಾ ಗ್ರಂಥಾಲಯಕ್ಕೂ ಪ್ರತಿಗಳನ್ನು ಸಲ್ಲಿಸಬೇಕು. ಐವತ್ತು ವರ್ಷದ ಮೇಲೆ ಯಾರೋ ಒಬ್ಬ ವಿದ್ಯಾರ್ಥಿ ತನ್ನ ಹಾಡಿಯ ಕಥೆಯನ್ನು ಹುಡುಕಿಕೊಂಡು ಹೋದರೆ ಅದು ಅವನ ಕೈಗೆ ಸಿಗಬೇಕಲ್ಲವೆ?

ಆಕ್ಷೇಪ ಹೇಳುವವರಿಗೆ ಇಷ್ಟು ಸಾಕು. ಆದರೆ ನಮ್ಮ ಪಕ್ಷದವರಿಗೇ ಹೇಳತಕ್ಕ ಒಂದು ಮಾತು ಉಳಿದಿದೆ, ಅದು ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರಕಾಶನ ಬೇಕೆನ್ನುವ ಮಿತ್ರರಲ್ಲಿ ಕೆಲವರು ‘ಶುದ್ಧ ಕನ್ನಡ’ದ ಪುಸ್ತಕಗಳಿಗೆ ಮಾತ್ರ ಅಲ್ಲಿ ಸ್ಥಾನವೆಂದೂ, ಬಡಗ ಕುರುಂಬ ನುಡಿಗಳನ್ನು ತಿದ್ದಿ ಗ್ರಾಂಥಿಕಕ್ಕೆ ತಂದ ಮೇಲೆ ಅಚ್ಚು ಹಾಕೋಣವೆಂದೂ ವಾದಿಸುತ್ತಾರೆ. ಇದನ್ನು ನಾವು ಸರ್ವಥಾ ಒಪ್ಪಲಾರೆವು. ದೇವನೂರ ಮಹಾದೇವರ ‘ಕುಸುಮಬಾಲೆ’ ಗುಂಡ್ಲುಪೇಟೆಯಾಚೆಯ ನಂಜನಗೂಡು ಸೀಮೆಯ ಆಡುನುಡಿಯಲ್ಲಿ ರಚಿತವಾದದ್ದು. ೧೯೯೦ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಯಾರಾದರೂ ಅದನ್ನು ತಿದ್ದಿ ‘ಶುದ್ಧ’ ಮಾಡಿದ್ದರೆ ಉಳಿಯುತ್ತಿದ್ದುದೇನು? ಬಡಗವು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ಪಂಡಿತರಲ್ಲಿ ನಡೆದೇ ಇದೆ. ತಮ್ಮ ನುಡಿಗೆ ಯಾವ ಹೆಸರು, ಯಾವ ಲಿಪಿ ಎಂಬುದನ್ನು ಬಡಗರು ನಿಶ್ಚಯಿಸಲಿ. ಅಚ್ಚಿನ ಮನೆಯ ಯಜಮಾನಿಕೆ ಸಿಕ್ಕಿತೆಂದು ನಾವು ನಿಶ್ಚಯಿಸುವುದು ಬೇಡ. ತಮಿಳುನಾಡಿನಲ್ಲಿ ಕನ್ನಡ ಅಲ್ಪಸಂಖ್ಯಾತರ ನುಡಿ. ೨೦೦೬ರ ತಮಿಳು ಕಲಿಕೆ ಕಾಯಿದೆ ಬಂದಾಗ ತಾಳವಾಡಿ ಹೊಸೂರುಗಳ ಕನ್ನಡ ಶಾಲೆಯವರು ಪಟ್ಟ ಆತಂಕವನ್ನು ಬಲ್ಲವರು ನಾವು. ಚಿಕ್ಕ ನುಡಿಯವನ ಸಂಕಟವನ್ನು ಉಂಡವನೇ ತನಗಿಂತ ಚಿಕ್ಕ ನುಡಿಯವನ ಬಾಯಿ ಮುಚ್ಚಿಸಿದರೆ ಅದಕ್ಕಿಂತ ಹೇಯವಾದದ್ದು ಉಂಟೆ? ಆಫ್ರಿಕಕ್ಕೆ ಲಂಡನ್ ಹೇಗೋ, ಬೆಟ್ಟ ಕುರುಂಬನಿಗೆ ನಾವು ಹಾಗಾಗಬಾರದು.

ಆದುದರಿಂದ ಐದು ಕಟ್ಟಳೆಗಳನ್ನು ಸಂಘದ ಮುಂದೆ ಇಡುತ್ತೇವೆ. ಲೇಖಕನಿಂದ ಒಂದು ಕಾಸನ್ನೂ ಪಡೆಯತಕ್ಕದ್ದಲ್ಲ. ಗ್ರಂಥಸ್ವಾಮ್ಯ ಲೇಖಕನಲ್ಲಿಯೇ ಉಳಿಯತಕ್ಕದ್ದು. ಬಾಯಿಂದ ಬಂದ ಕಥೆ ಹಾಡುಗಳಾದರೆ ಹೇಳಿದವರ ಒಪ್ಪಿಗೆ ಪಡೆದು, ಅವರ ಹೆಸರನ್ನೇ ರಕ್ಷಾಪುಟದ ಮೇಲೆ ಹಾಕತಕ್ಕದ್ದು. ನುಡಿಯನ್ನೂ ಲಿಪಿಯನ್ನೂ ಬರೆದವರೇ ಆರಿಸತಕ್ಕದ್ದು. ಜಮಾಖರ್ಚನ್ನು ವರ್ಷಕ್ಕೊಮ್ಮೆ ಈ ಪತ್ರಿಕೆಯಲ್ಲಿ ಪ್ರಕಟಿಸತಕ್ಕದ್ದು.

ಹಣದ ಮಾತನ್ನೂ ಆಡಿಬಿಡೋಣ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ: ೨೦೦ ಮಂದಿ ಚಂದಾದಾರರು ವರ್ಷಕ್ಕೆ ೩೦೦ ರೂಪಾಯಿ ಕೊಟ್ಟರೆ ೬೦,೦೦೦ ರೂಪಾಯಿ. ಅವರಿಗೆ ವರ್ಷಕ್ಕೆ ೧೫೦ ರೂಪಾಯಿ ಬೆಲೆಯ, ನೂರು ಪುಟದೊಳಗಿನ ಎರಡು ಪುಸ್ತಕ. ಒಂದೊಂದರ ೩೦೦ ಪ್ರತಿ, ಪ್ರತಿಗೆ ೭೦ ರೂಪಾಯಿ ತಗಲಿದರೆ ಅಚ್ಚಿಗೆ ೪೨,೦೦೦. ಚಂದಾದಾರರಿಗೆ ಸೇರುವ ೪೦೦ ಪ್ರತಿಗಳ ಮೇಲೆ ಶೇಕಡ ೧೦ರಂತೆ ಲೇಖಕರ ರಾಯಧನ ೬,೦೦೦. ಅಂಚೆ ಇಲಾಖೆಯು ೨೦೨೫ರ ಮೇ ೧ರಂದು ಪುಸ್ತಕಗಳಿಗಾಗಿ ‘ಜ್ಞಾನ ಪೋಸ್ಟ್’ ಆರಂಭಿಸಿದಾಗ ೩೦೦ ಗ್ರಾಮಿನವರೆಗೆ ೨೦ ರೂಪಾಯಿ ಗೊತ್ತುಮಾಡಿತು. ಆ ದರದಲ್ಲಿ ೪೦೦ ಕಟ್ಟುಗಳಿಗೆ ೮,೦೦೦, ತೆರಿಗೆ ಬೇರೆ. ಉಳಿಯುವುದು ಸುಮಾರು ೪,೦೦೦ ರೂಪಾಯಿ ಮತ್ತು ಮಾರಾಟಕ್ಕೆ ೨೦೦ ಪ್ರತಿ. ಪುಸ್ತಕದ ಐಎಸ್‌ಬಿಎನ್ ಸಂಖ್ಯೆಯನ್ನು ಕೇಂದ್ರ ಸರಕಾರದ ರಾಜಾ ರಾಮಮೋಹನ ರಾಯ್ ಸಂಸ್ಥೆ ಶುಲ್ಕವಿಲ್ಲದೆ ಕೊಡುತ್ತದೆ. ಇದರಲ್ಲಿ ಶ್ರೀಮಂತನಾಗುವ ದಾರಿ ಇಲ್ಲ. ದಿವಾಳಿಯಾಗುವ ಭಯವೂ ಇಲ್ಲ. ಹನಿಗೂಡಿದರೆ ಹಳ್ಳ.

ಉಪಾಧ್ಯಾಯ ಮಿತ್ರರೆ, ಒಬ್ಬೊಬ್ಬರು ಐದು ಮಂದಿ ಚಂದಾದಾರರನ್ನು ತಂದುಕೊಟ್ಟರೆ ನಲವತ್ತು ಮಂದಿಯಿಂದ ಈ ಕಾರ್ಯ ಕೈಗೂಡುತ್ತದೆ. ಕರಡು ತಿದ್ದುವ ಕಣ್ಣು ನಿಮ್ಮಲ್ಲಿದೆ. ಅದನ್ನು ಸಂಘಕ್ಕೆ ಎರವಲು ಕೊಡಿ. ವಿದ್ಯಾರ್ಥಿಗಳೆ, ನಿಮ್ಮ ಮನೆಯ ಹಿರಿಯರು ಹೇಳುವ ಒಂದು ಕಥೆಯನ್ನು ಅವರ ಅಪ್ಪಣೆ ಪಡೆದು, ಅವರು ಹೇಳಿದ ಮಾತಿನಲ್ಲಿಯೇ ಬರೆದು ತನ್ನಿ. ಒಂದು ಶಬ್ದವನ್ನೂ ‘ತಿದ್ದ’ಬೇಡಿ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಮ್ಮವರು ಮೂದಲಿಕೆಯಾಗಿ ಆಡಿದರೇ ಹೊರತು ವಿಧಿಯಾಗಿ ಅಲ್ಲ. ಮೊದಲ ಪುಸ್ತಕಕ್ಕೆ ಹಸ್ತಪ್ರತಿಗಳನ್ನೂ ಚಂದಾದಾರರ ಹೆಸರುಗಳನ್ನೂ ಸಂಘದ ಮುಂದಿನ ಸಭೆಗೆ ತರಬೇಕೆಂದು ಕೋರುತ್ತೇವೆ. ಬೇಡವೆನ್ನುವವರೂ ಬರಲಿ, ಆದರೆ ತಮ್ಮ ಲೆಕ್ಕವನ್ನು ನಮ್ಮಂತೆ ಬರೆದುಕೊಂಡು ಬರಲಿ.